ಅಡಿಕೆ ಮಂಡಿಯ ಪ್ರೋಗ್ರಾಂ, ಮತ್ತು ‘ಈಗ ಯಾವುದು ಓಡ್ತಿದೆ?’ ಎನ್ನುವ ಪ್ರಶ್ನೆ

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬಿಡುವಾದಾಗ ಓದಿ.

ಹದಿನಾಲ್ಕು ವರ್ಷದಿಂದ ಅಂಗಡಿ, ಗೋಡೌನು, ಸೊಸೈಟಿಗಳಿಗೆ ಪ್ರೋಗ್ರಾಂ ಬರೆದುಕೊಡುವುದು ನನ್ನ ಕೆಲಸ. ನಾನೊಬ್ಬನೇ, ಜೊತೆಗೆ ಯಾರೂ ಇಲ್ಲ. ನಮ್ಮ ಕಡೆಯ ಒಂದು ಅಡಿಕೆ ಮಂಡಿಯಲ್ಲಿ ಯಾರೋ ಹಿಂದೆ ಫಾಕ್ಸ್‌ಪ್ರೊದಲ್ಲಿ ಬರೆದುಕೊಟ್ಟ ಪ್ರೋಗ್ರಾಂ ಇತ್ತು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸ್ ಇಲ್ಲ. ಅಲ್ಲಿನ ರೈಟರು ಎಡಗೈಯಲ್ಲಿ ತೂಕದ ಚೀಟಿ ಹಿಡಿದು, ಬಲಗೈಯನ್ನು ನಂಬರ್ ಕೀಗಳ ಮೇಲಿಟ್ಟು, ಪರದೆ ನೋಡದೆಯೇ ಹೊಡೆಯುತ್ತಿದ್ದರು. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಒಂದು ಅಂಕೆ. ಚೀಲ, ತೂಕ, ದರ, ಹಮಾಲಿ, ಮುಂಗಡದ ಕಡಿತ, ಎಂಟರ್. ಪಕ್ಕದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್ರ್ ಅಂತ ಪಟ್ಟಿ ಹೊಡೆಯುತ್ತಿತ್ತು. ಕಾರ್ಬನ್ ಇಟ್ಟು ಮೂರು ಪ್ರತಿ ಒಟ್ಟಿಗೇ ಬರುತ್ತಿತ್ತು.

2021ರಲ್ಲಿ ಆ ಕಂಪ್ಯೂಟರ್ ಕೆಟ್ಟು ಕೂತಿತು. ಹೊಸದಾಗಿ ಬರೆದುಕೊಡಿ ಅಂದರು. ನಾನು ವೆಬ್ ಉಪಕರಣಗಳಾದ ರಿಯಾಕ್ಟ್, ನೋಡ್, ಮಾಂಗೊಡಿಬಿ ಹಿಡಿದು ಎಲ್ಲವನ್ನೂ ಕ್ಲೌಡ್‌ನಲ್ಲಿ, ಅಂದರೆ ನೆಟ್ ಮೂಲಕ ಮುಟ್ಟುವ ದೂರದ ಸರ್ವರ್‌ನಲ್ಲಿ, ಕೂರಿಸಿದೆ. ಐದು ತಿಂಗಳು ಹಿಡಿಯಿತು. ಅವು ಒಳ್ಳೆಯ ಉಪಕರಣಗಳೇ. ಆದರೆ ನಾನು ಅವನ್ನು ಆರಿಸಿದ ಕಾರಣ ಒಂದೇ: ಆಗ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಮಂಡಿಗೆ ಏನು ಬೇಕು ಅಂತ ನೋಡುವ ಮೊದಲೇ ಯಾವುದರಲ್ಲಿ ಬರೆಯಬೇಕು ಅಂತ ತೀರ್ಮಾನ ಆಗಿಬಿಟ್ಟಿತ್ತು.

ಮೊದಲ ದಿನವೇ ರೈಟರ ಕೈ ತಡವರಿಸಿತು. ಒಂದೊಂದು ಸಾಲಿಗೂ ಮೌಸ್ ಹುಡುಕಬೇಕು. ಬ್ರೌಸರ್‌ನಿಂದ ಪ್ರಿಂಟ್ ಕೊಟ್ಟರೆ ಇಡೀ ಪುಟ ಚಿತ್ರವಾಗಿ ಹೋಗುತ್ತದೆ, ಪ್ರಿಂಟರ್ ಚುಕ್ಕಿ ಚುಕ್ಕಿಯಾಗಿ ಎಳೆಯುತ್ತದೆ. ಮೊದಲು ಮೂರು ಸೆಕೆಂಡಿಗೆ ಬರುತ್ತಿದ್ದ ಪಟ್ಟಿಗೆ ಒಂದು ನಿಮಿಷದ ಮೇಲೆ ಹಿಡಿಯಿತು. ಜುಲೈ ಮಳೆಯಲ್ಲಿ ನೆಟ್ ಹೋಯಿತು. ಸಂಜೆ ಐದೂವರೆ, ಹೊರಗೆ ಹನ್ನೆರಡು ಜನ ರೈತರು, ಕೊನೆ ಬಸ್ಸಿನ ಚಿಂತೆ. ರೈಟರು ಏನೂ ಅನ್ನದೆ ಡ್ರಾಯರ್‌ನಿಂದ ಹಳೇ ಪಟ್ಟಿ ಪುಸ್ತಕ ತೆಗೆದು, ಕಾರ್ಬನ್ ಇಟ್ಟು ಕೈಯಲ್ಲೇ ಬರೆಯಲು ಕೂತರು. ನಾನು ಅಲ್ಲೇ ನಿಂತಿದ್ದೆ. ಆ ದೃಶ್ಯ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಎಲ್ಲ ತೆಗೆದುಹಾಕಿ ಮತ್ತೆ ಬರೆದೆ. ಲಿನಕ್ಸ್, ಪೈಥಾನ್, ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿ ಕೂರುವ ಡೇಟಾಬೇಸ್), ಅದೇ ಕಪ್ಪು ಪರದೆ, ಅವೇ ಅಂಕೆಗಳು. ಪ್ರಿಂಟರ್‌ಗೆ ನೇರ ಅಕ್ಷರ ಕಳಿಸಿದೆ. ಆರು ವಾರದಲ್ಲಿ ಮುಗಿಯಿತು. ಅವತ್ತಿನಿಂದ ಒಂದು ದಿನವೂ ನಿಂತಿಲ್ಲ. ಅಷ್ಟೂ ವರ್ಷದ ಲೆಕ್ಕ ಒಂದೇ ಫೈಲಿನಲ್ಲಿದೆ, ಪೆನ್ ಡ್ರೈವಿಗೆ ಹಾಕಿ ಮನೆಗೆ ಒಯ್ಯಬಹುದು.

ಈಗ ನನ್ನ ಪ್ರಶ್ನೆ. ಗೆಳೆಯರು ನನ್ನ ರೆಸ್ಯೂಮೆ ನೋಡಿ ‘ಇದೆಲ್ಲ ಹಳೇದಾಯ್ತಲ್ಲ ಮಾರಾಯ’ ಅನ್ನುತ್ತಾರೆ. ಊರಿನ ಹುಡುಗರು ಬಂದು ಕೇಳುವುದೂ ಇದನ್ನೇ: ‘ಅಣ್ಣಾ, ಈಗ ಯಾವುದು ಓಡ್ತಿದೆ?’ ಏನು ಮಾಡಬೇಕು ಅಂತಿದ್ದೀಯ ಅಂತ ತಿರುಗಿ ಕೇಳಿದರೆ ಸುಮ್ಮನಾಗುತ್ತಾರೆ. ನೀವೆಲ್ಲ ಹೇಗೆ ಆರಿಸುತ್ತೀರಿ? ನಿಮ್ಮ ಅನುಭವ ಬರೆಯಿರಿ.

ದೋಆಬ್ ಹುಡುಗ, ರಾಯಚೂರು (ಈಗ ಬೆಂಗಳೂರು)

ಅಣ್ಣಾ, ಓದಿ ಖುಷಿಯಾಯಿತು. ಆದರೆ ನಿಮ್ಮ ಪ್ರಶ್ನೆ ನನಗೆ ಬೇರೆ ರೀತಿ ಕಾಣುತ್ತದೆ. ನಾನು ಕಳೆದ ವರ್ಷ ಇಂಜಿನಿಯರಿಂಗ್ ಮುಗಿಸಿದೆ. ಪಿಜಿಯಲ್ಲಿ ಇದ್ದೇನೆ, ತಲೆ ಮೇಲೆ ಎಜುಕೇಶನ್ ಲೋನ್ ಇದೆ. ಯಾವ ಜಾಹೀರಾತು ತೆಗೆದರೂ ರಿಯಾಕ್ಟ್, ಸ್ಪ್ರಿಂಗ್ ಬೂಟ್, ಈಗ ಅದರ ಜೊತೆ ಎಐ. ಕಪ್ಪು ಪರದೆ ಬರುತ್ತದೆ ಅಂದರೆ ಮೊದಲ ಸುತ್ತಿಗೂ ಕರೆಯುವುದಿಲ್ಲ. ನಿಮಗೆ ಹದಿನಾಲ್ಕು ವರ್ಷದ ಹೆಸರಿದೆ, ಬೇಡ ಅನ್ನುವ ಧೈರ್ಯ ಇದೆ. ನನ್ನಂಥವರು ಜನಪ್ರಿಯವಾದದ್ದನ್ನು ಬಿಟ್ಟು ಬದುಕುವುದು ಹೇಗೆ? ಬೇಜಾರಿನಿಂದ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಚಾಮುಂಡಿ ತಪ್ಪಲು, ಮೈಸೂರು

ದೋಆಬ್ ಹುಡುಗ, ನಿನ್ನ ಪ್ರಶ್ನೆ ಸರಿಯಾಗಿದೆಯಪ್ಪ. ಕೆಲಸ ಸಿಗುವವರೆಗೆ ಜಾಹೀರಾತು ಕೇಳಿದ್ದನ್ನು ಕಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೊಂದನ್ನೇ ಕಲಿಯಬೇಡ.

ನನ್ನದೇ ಕಥೆ ಹೇಳುತ್ತೇನೆ. ನಾನು ಈ ಕೆಲಸಕ್ಕೆ ಬಂದು ಇಪ್ಪತ್ತೆರಡು ವರ್ಷ. ಮೊದಲ ಎಂಟು ವರ್ಷ, ಬ್ರೌಸರ್‌ನಲ್ಲಿ ಚಲಿಸುವ ಚಿತ್ರ ತೋರಿಸುವ ಫ್ಲ್ಯಾಶ್‌ನಲ್ಲಿ ಮಕ್ಕಳ ಪಾಠಗಳನ್ನು ಮಾಡುತ್ತಿದ್ದೆ. ಆಗ ಫ್ಲ್ಯಾಶ್ ಗೊತ್ತಿದ್ದವರಿಗೆ ಕೆಲಸಕ್ಕೆ ಬರವೇ ಇರಲಿಲ್ಲ. ಅದರ ಭಾಷೆ ಆಕ್ಷನ್‌ಸ್ಕ್ರಿಪ್ಟ್ ಅಂದರೆ ನನ್ನನ್ನೇ ಕೇಳಬೇಕು, ಅಷ್ಟು ಮುಳುಗಿದ್ದೆ. ಆಮೇಲೆ ಫೋನುಗಳು ಬಂದವು, ಫ್ಲ್ಯಾಶ್ ಹಿಂದೆ ಸರಿಯಿತು. 2017ರ ಜುಲೈನಲ್ಲಿ ಅಡೋಬಿ ನಿಲ್ಲಿಸುತ್ತೇವೆ ಅಂತ ಹೇಳಿತು. 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ನಾನು ಮಾಡಿದ ನೂರಾರು ಪಾಠಗಳಲ್ಲಿ ಒಂದನ್ನೂ ಇವತ್ತು ನನ್ನ ಮಗಳಿಗೆ ಹಾಗೇ ತೆರೆದು ತೋರಿಸುವ ಹಾಗಿಲ್ಲ.

ಅದೇ ಹೊತ್ತಿನಲ್ಲಿ ಡಿಪ್ಲೊಮಾದಲ್ಲಿ ಮನಸ್ಸಿಲ್ಲದೆ ಕಲಿತಿದ್ದ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಬೇಕಾದ್ದನ್ನು ಕೇಳಿ ತೆಗೆಯುವ ಭಾಷೆ) ನನ್ನನ್ನು ಕಾಯಿತು. ಅದು ಐಬಿಎಂನಲ್ಲಿ 1974ರಲ್ಲಿ ಹುಟ್ಟಿದ್ದು. ಅದರ ಬೇರು ಅಲ್ಲಿನದೇ ವಿಜ್ಞಾನಿ ಎಡ್ಗರ್ ಕಾಡ್ ಅವರ 1970ರ ಒಂದು ಪ್ರಬಂಧದಲ್ಲಿದೆ. ನಾನು ಹುಟ್ಟುವ ಮೊದಲೇ ಇದ್ದದ್ದು, ನನ್ನ ಕೆಲಸ ಮುಗಿದ ಮೇಲೂ ಇರುತ್ತದೆ.

ಈಗ ನಾನೇ ಇಂಟರ್‌ವ್ಯೂ ತಗೊಳ್ಳುತ್ತೇನೆ. ಎರಡು ಲಕ್ಷ ಸಾಲಿನ ಟೇಬಲ್ ಕೊಟ್ಟು, ನಿಧಾನವಾದ ಒಂದು ಕ್ವೆರಿ ಕೊಟ್ಟು, ಯಾಕೆ ನಿಧಾನ ಅಂತ ಹುಡುಕಿ ಅನ್ನುತ್ತೇನೆ. ಯಾವ ಫ್ರೇಮ್‌ವರ್ಕ್ ಗೊತ್ತು ಅಂತ ಆಮೇಲೆ ಕೇಳುತ್ತೇನೆ. ಆ ಟೇಬಲ್ ಮುಂದೆ ಅರ್ಧ ಗಂಟೆ ಸಮಾಧಾನದಿಂದ ಕೂರುವ ಹುಡುಗ ಹುಡುಗಿಯರು ತುಂಬಾ ಕಡಿಮೆ. ನೀನು ಅಂಥವನಾಗು. ನಿನ್ನ ಊರಿನದೇ ಏನಾದರೂ ಲೆಕ್ಕ ತಗೊಂಡು ಅಭ್ಯಾಸ ಮಾಡು.

ಎರಡನೇ ಪಾಳಿ, ಬೆಂಗಳೂರು

ನಾನು ಸ್ವಲ್ಪ ಎದುರು ಮಾತಾಡುತ್ತೇನೆ, ಕ್ಷಮಿಸಿ. ತುಂಗಾತೀರ ಸರ್, ಮಂಡಿಯ ವಿಷಯದಲ್ಲಿ ನೀವು ಮಾಡಿದ್ದು ಸರಿ. ಆದರೆ ಇದನ್ನು ಓದಿ ‘ಎಲ್ಲರೂ ಬಳಸುವುದು ಬೇಡ’ ಅಂತ ಯಾರಾದರೂ ಹೊರಟರೆ ಕಷ್ಟ.

ನಾನಿದ್ದ ಒಂದು ಕಂಪನಿಯಲ್ಲಿ ಒಬ್ಬ ಸೀನಿಯರ್ ದುಡ್ಡಿನ ಲೆಕ್ಕ ನೋಡುವ ಭಾಗವನ್ನು ಹ್ಯಾಸ್ಕೆಲ್‌ನಲ್ಲಿ ಬರೆದರು. ಭಾಷೆ ಚೆನ್ನಾಗಿದೆ, ಆ ಕೆಲಸಕ್ಕೆ ಹೊಂದುತ್ತಿತ್ತು ಕೂಡ. ಎರಡು ವರ್ಷ ಬೆಣ್ಣೆ ಹಾಗೆ ನಡೆಯಿತು. ಅವರು ಕೆಲಸ ಬಿಟ್ಟರು. ಜಿಎಸ್‌ಟಿಯ ಒಂದು ದರ ಬದಲಾಯಿತು. ಒಂದು ಸಾಲು ತಿದ್ದಲು ನಮ್ಮಲ್ಲಿ ಯಾರಿಗೂ ಧೈರ್ಯ ಇರಲಿಲ್ಲ. ಕೊನೆಗೆ ಎಂಟು ತಿಂಗಳು ಕೂತು ಜಾವಾದಲ್ಲಿ ಮತ್ತೆ ಬರೆದೆವು. ಆ ಎಂಟು ತಿಂಗಳಲ್ಲಿ ನಾಲ್ಕು ಜನ ನಿದ್ದೆಗೆಟ್ಟಿದ್ದೇವೆ.

ಹೆಚ್ಚು ಜನ ಬಳಸುತ್ತಾರೆ ಅಂದರೆ ತಪ್ಪುಗಳು ಬೇಗ ಸಿಗುತ್ತವೆ, ಸುರಕ್ಷತೆಯ ತೇಪೆ ಬೇಗ ಬರುತ್ತದೆ, ರಾತ್ರಿ ಎರಡು ಗಂಟೆಗೆ ಸಿಕ್ಕಿಕೊಂಡರೆ ಹುಡುಕಲು ಉತ್ತರ ಇರುತ್ತದೆ. ಇದೂ ಉಪಕರಣದ ಗುಣವೇ ಅಲ್ವಾ?

ಇನ್ನೆರಡು ಮಾತು. ಒಂದು, ನಿಮಗೆ ನಾಳೆ ಹುಷಾರಿಲ್ಲದೆ ಹೋದರೆ ಮಂಡಿಯವರು ಯಾರನ್ನು ಕೇಳಬೇಕು? ಎರಡು, ಮಂಡಿಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದರೆ ಎಸ್‌ಕ್ಯೂಲೈಟ್ ಫೈಲನ್ನು ನೆಟ್‌ವರ್ಕ್ ಶೇರ್‌ನಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ. ಶೇರ್ ಮೇಲೆ ಫೈಲ್ ಲಾಕ್ ನಂಬುವ ಹಾಗಿಲ್ಲ, ಇಬ್ಬರು ಒಟ್ಟಿಗೆ ಬರೆದರೆ ಫೈಲ್ ಕೆಡಬಹುದು.

ತುಂಗಾತೀರ, ಶಿವಮೊಗ್ಗ

ಎರಡನೇ ಪಾಳಿಯವರೇ, ಎದುರು ಮಾತು ಅಂದುಕೊಳ್ಳಬೇಡಿ, ಇದು ಬೇಕಿತ್ತು.

ಎರಡನೆಯದಕ್ಕೆ ಮೊದಲು ಉತ್ತರ. ಮಂಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಫೈಲ್ ಇರುವುದು ಒಂದರಲ್ಲಿ ಮಾತ್ರ. ಒಳಗಿನ ಕೋಣೆಯ ಎರಡನೆಯದು ಎಸ್‌ಎಸ್‌ಎಚ್ ಮೂಲಕ ಮೊದಲನೆಯದರ ಒಳಗೇ ಬಂದು ಕೆಲಸ ಮಾಡುತ್ತದೆ. ಹಾಗಾಗಿ ಫೈಲನ್ನು ಮುಟ್ಟುವುದು ಒಂದೇ ಯಂತ್ರ. ಕಪ್ಪು ಪರದೆಯಾದ್ದರಿಂದ ಇದು ಸುಲಭವಾಯಿತು. ಬ್ಯಾಕಪ್ ತೆಗೆಯುವಾಗಲೂ ಫೈಲನ್ನು ಸುಮ್ನೆ ಕಾಪಿ ಮಾಡುವುದಿಲ್ಲ, ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಆಜ್ಞೆ ಕೊಡುತ್ತೇನೆ. ಬರೆಯುತ್ತಿರುವಾಗ ಕಾಪಿ ಮಾಡಿದರೆ ಅರ್ಧಂಬರ್ಧ ಫೈಲ್ ಕೈಗೆ ಬರುವ ಅಪಾಯ ಇದೆ.

ಮೊದಲನೆಯದು ನನ್ನನ್ನೂ ಕಾಡಿದ ಪ್ರಶ್ನೆ. ಅದಕ್ಕೇ ಪೈಥಾನ್ ಹಿಡಿದೆ. ಶಿವಮೊಗ್ಗದ ಯಾವ ಕಾಲೇಜಿನ ಹುಡುಗನಿಗೂ ಅದು ಓದಲು ಬರುತ್ತದೆ. ಅಂದರೆ ಜನಪ್ರಿಯತೆಯನ್ನು ನಾನೂ ಲೆಕ್ಕಕ್ಕೆ ತಗೊಂಡೆ, ಆದರೆ ‘ಇನ್ನೊಬ್ಬರು ಓದಬಲ್ಲರೇ’ ಎಂಬ ಒಂದು ಪ್ರಶ್ನೆಗೆ ಮಾತ್ರ. ಪರದೆ ಹೇಗಿರಬೇಕು, ಲೆಕ್ಕ ಎಲ್ಲಿರಬೇಕು ಅನ್ನುವುದನ್ನು ಮಂಡಿಯನ್ನು ನೋಡಿ ತೀರ್ಮಾನಿಸಿದೆ. ಕೋಡ್ ಅವರ ಕಂಪ್ಯೂಟರ್‌ನಲ್ಲೇ ಇದೆ. ಜೊತೆಗೆ ಕೈಬರಹದ ಒಂದು ನೋಟ್ ಪುಸ್ತಕ ಬರೆದು ಕೊಟ್ಟಿದ್ದೇನೆ, ಕನ್ನಡದಲ್ಲಿ. ಯಾವ ಫೈಲ್ ಏನು ಮಾಡುತ್ತದೆ, ವರ್ಷದ ಕೊನೆಗೆ ಏನು ಒತ್ತಬೇಕು, ಪ್ರಿಂಟರ್ ಸಿಕ್ಕಿಕೊಂಡರೆ ಏನು ಮಾಡಬೇಕು. ಅದು ಪಟ್ಟಿ ಪುಸ್ತಕದ ಜೊತೆ ಅದೇ ಡ್ರಾಯರ್‌ನಲ್ಲಿದೆ.

ನಿಮ್ಮ ಸೀನಿಯರ್ ಹೋಗುವಾಗ ಅಂಥ ಒಂದು ಪುಸ್ತಕ ಬಿಟ್ಟು ಹೋಗಿದ್ದರೆ ಎಂಟು ತಿಂಗಳು ಬೇಕಾಗುತ್ತಿತ್ತಾ?

ಎರಡನೇ ಪಾಳಿ, ಬೆಂಗಳೂರು

ಇಲ್ಲ ಅನ್ನಿಸುತ್ತದೆ. ಒಂದು ತಿಂಗಳಲ್ಲಿ ಮುಗಿಯುತ್ತಿತ್ತೇನೋ. ನಾವು ಇಷ್ಟು ದಿನ ಬೈದದ್ದು ಭಾಷೆಯನ್ನು. ಎಸ್‌ಎಸ್‌ಎಚ್ ಉಪಾಯ ಇಷ್ಟವಾಯಿತು.

ಬಡಗಣ ಬೆಳಕು, ಸ್ಟಾಕ್‌ಹೋಮ್

ಊರು ಧಾರವಾಡ, ಇಲ್ಲಿಗೆ ಬಂದು ಒಂಬತ್ತು ವರ್ಷ. ಟೆಲಿಕಾಂ ಕೆಲಸ. ಈ ಚರ್ಚೆಗೆ ಇಲ್ಲಿನ ಒಂದು ಕಥೆ ತುಂಬಾ ಹೊಂದುತ್ತದೆ.

1986ರ ಸುಮಾರಿಗೆ ಎರಿಕ್ಸನ್‌ನ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ಸೇರಿ ಎರ್ಲಾಂಗ್ ಎಂಬ ಭಾಷೆ ಕಟ್ಟಿದರು. ಅವರ ಮುಂದೆ ಇದ್ದದ್ದು ಟೆಲಿಫೋನ್ ಎಕ್ಸ್‌ಚೇಂಜ್. ಒಂದು ಕರೆ ಬಿದ್ದರೆ ಪಕ್ಕದ ಕರೆ ಬೀಳಬಾರದು. ಯಂತ್ರ ನಿಲ್ಲಿಸದೆ ಪ್ರೋಗ್ರಾಂ ಬದಲಾಯಿಸಬೇಕು. ಅದಕ್ಕೆ ಸರಿಯಾಗಿ ಸಾವಿರಾರು ಸಣ್ಣ ಸಣ್ಣ ಕೆಲಸಗಳು ಒಂದಕ್ಕೊಂದು ಅಂಟಿಕೊಳ್ಳದೆ ಓಡುವ ಹಾಗೆ ಭಾಷೆಯನ್ನೇ ರೂಪಿಸಿದರು. ಒಂದು ಸತ್ತರೆ ಅದನ್ನು ಗಮನಿಸಿ ಮತ್ತೆ ಎಬ್ಬಿಸಲು ಇನ್ನೊಂದು ಇರುತ್ತದೆ.

ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ 1998ರಲ್ಲಿ ಎರಿಕ್ಸನ್‌ನ ಒಂದು ದೊಡ್ಡ ವಿಭಾಗ ಹೊಸ ಉತ್ಪನ್ನಗಳಿಗೆ ಎರ್ಲಾಂಗ್ ಬೇಡ ಅಂದಿತು. ಹೊರಗೆ ಎಲ್ಲರೂ ಬಳಸುವ ಭಾಷೆಗಳೇ ಇರಲಿ ಎಂಬುದು ಕಾರಣ. ಹುಟ್ಟಿದ ಮನೆಯಲ್ಲೇ ಬೇಡವಾಯಿತು ನೋಡಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಮುಕ್ತವಾಗಿ ಬಿಟ್ಟರು. ಕಟ್ಟಿದವರಲ್ಲಿ ಹಲವರು ಹೊರಗೆ ಬಂದು ಸ್ವಂತ ಕಂಪನಿ ಮಾಡಿಕೊಂಡರು.

ಹತ್ತು ವರ್ಷ ಕಳೆದ ಮೇಲೆ, 2009ರಲ್ಲಿ ಶುರುವಾದ ವಾಟ್ಸಾಪ್ ತನ್ನ ಸರ್ವರ್‌ಗಳಿಗೆ ಎರ್ಲಾಂಗ್ ಹಿಡಿಯಿತು. ಆಗಲೂ ಅದು ಓಡುವ ಕುದುರೆ ಆಗಿರಲಿಲ್ಲ. ಆದರೆ ಕೋಟಿಗಟ್ಟಲೆ ಜನರ ಸಂದೇಶ ಹಿಡಿದಿಡುವುದು ಎಕ್ಸ್‌ಚೇಂಜ್ ಕೆಲಸದ ತಮ್ಮನೇ ಅಲ್ಲವೇ? 2014ರಲ್ಲಿ ಫೇಸ್‌ಬುಕ್ ಕೊಂಡಾಗ 45 ಕೋಟಿ ಬಳಕೆದಾರರು ಇದ್ದರು, ನೋಡಿಕೊಳ್ಳುವ ಇಂಜಿನಿಯರ್‌ಗಳು 32 ಜನ. ನಮ್ಮವ್ವ ಧಾರವಾಡದಿಂದ ದಿನಾ ಬೆಳಿಗ್ಗೆ ಕಳಿಸುವ ಹೂವಿನ ಚಿತ್ರ ಆ ಬೇಡವಾದ ಭಾಷೆಯನ್ನು ದಾಟಿಯೇ ನನಗೆ ಬರುತ್ತಿತ್ತು ಅಂತ ಗೊತ್ತಾದಾಗ ಮನಸ್ಸು ತುಂಬಿ ಬಂತು.

ಎರಡನೇ ಪಾಳಿಯವರ ಹ್ಯಾಸ್ಕೆಲ್ ಕಥೆಯಲ್ಲಿ ಒಬ್ಬರೇ ಇದ್ದರು. ವಾಟ್ಸಾಪ್‌ನಲ್ಲಿ ಇಡೀ ತಂಡವೇ ಅದನ್ನು ಹಿಡಿದು ಕೂತಿತ್ತು. ನನಗೆ ಕಾಣುವ ವ್ಯತ್ಯಾಸ ಅದು.

ಅಚ್ಚುಮೊಳೆ, ಗದಗ

ನಾನು ಪ್ರೋಗ್ರಾಂ ಬರೆಯುವವನಲ್ಲ. ಡಿಟಿಪಿ ಮಾಡುತ್ತೇನೆ, ಪುಸ್ತಕ ಕಟ್ಟುತ್ತೇನೆ. ನೀವೆಲ್ಲ ಜನಪ್ರಿಯ ಅಂದರೆ ಹೊಸದು ಅಂದುಕೊಂಡು ಮಾತಾಡುತ್ತಿದ್ದೀರಿ. ನಮ್ಮ ಓಣಿಯಲ್ಲಿ ಜನಪ್ರಿಯವಾದದ್ದು ಹಳೇದು.

ಪುಟ ಜೋಡಿಸುವ ಪೇಜ್‌ಮೇಕರ್ 1985ರದು. ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ನಮ್ಮಲ್ಲಿ ಈಗಲೂ ಹಲವು ಪ್ರೆಸ್ಸುಗಳಲ್ಲಿ ಅದೇ, ಜೊತೆಗೆ ಹಳೇ ಆಸ್ಕಿ ಫಾಂಟು. ನಾನೂ ಹದಿನೆಂಟು ವರ್ಷ ಅದರಲ್ಲೇ ದುಡಿದೆ. ಕೈ ಕೂತಿರುತ್ತದೆ, ಲೇಖಕರೂ ಅದರಲ್ಲೇ ಕಳಿಸುತ್ತಾರೆ, ಪ್ರೆಸ್‌ನವರೂ ಅದನ್ನೇ ಕೇಳುತ್ತಾರೆ.

ಒಂದು ಸಲ ಹಿರಿಯರೊಬ್ಬರ ಪ್ರಬಂಧಗಳ ಪುಸ್ತಕ ಮರುಮುದ್ರಣಕ್ಕೆ ಬಂತು. ಲೇಖಕರು ತೀರಿಕೊಂಡಿದ್ದರು. ಮಗಳು ಬಂದು, ‘ಅಪ್ಪನ ಪುಸ್ತಕವನ್ನು ಮೊಬೈಲ್‌ನಲ್ಲೂ ಓದೋ ಹಾಗೆ ಮಾಡಿಕೊಡ್ರಿ’ ಅಂದರು. 2006ರ ಫೈಲ್ ನನ್ನ ಹತ್ತಿರವೇ ಇತ್ತು. ಆಸ್ಕಿ ಫಾಂಟಿನಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಕನ್ನಡ ಬರೀ ಮೇಲಿನ ವೇಷ. ಫಾಂಟ್ ತೆಗೆದರೆ ಕಸ. ಪರಿವರ್ತಕದಲ್ಲಿ ಹಾಕಿದೆ. ಅರ್ಕಾವತ್ತು ಕೈಕೊಟ್ಟಿತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್, ಫೋನುಗಳಿಗೂ ಒಂದೇ ಆದ ಅಕ್ಷರ ಸಂಕೇತ) ‘ರ್’ ಮೊದಲು ಬರಬೇಕು. ‘ಸೂರ್ಯ’ ಬಂದ ಕಡೆಯೆಲ್ಲ ಸುತ್ತಲಿನ ಅಕ್ಷರ ಅದಲು ಬದಲು. 280 ಪುಟವನ್ನು ಸಾಲು ಸಾಲಾಗಿ ಕಣ್ಣಿಟ್ಟು ತಿದ್ದಿದೆ. ಎರಡು ತಿಂಗಳು ಹಿಡಿಯಿತು. ಆ ಮಗಳ ಹತ್ತಿರ ಹೆಚ್ಚಿಗೆ ದುಡ್ಡು ಕೇಳಲು ಮನಸ್ಸಾಗಲಿಲ್ಲ.

ಅವತ್ತೇ ನಿರ್ಧಾರ ಮಾಡಿದೆ, ಇನ್ನು ಮೇಲೆ ನನ್ನ ಕೈಯಿಂದ ಹೋಗುವ ಪುಸ್ತಕ ಯುನಿಕೋಡ್‌ನಲ್ಲೇ ಹೋಗಬೇಕು. ಒಬ್ಬ ಪರಿಚಯದ ಮೇಷ್ಟ್ರು ಪುಟ ಜೋಡಿಸುವ ಝೀಟೆಕ್ ಎಂಬ ಪ್ರೋಗ್ರಾಂ ತೋರಿಸಿದರು. ಅದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ನೂಥ್ ಅವರ ಟೆಕ್‌ನ ಮೇಲೆ ಕಟ್ಟಿದ್ದು. ನೂಥ್ ಕಥೆ ಕೇಳಿ ನನಗೆ ಧೈರ್ಯ ಬಂತು. 1977ರಲ್ಲಿ ತಮ್ಮದೇ ಪುಸ್ತಕದ ಹೊಸ ಆವೃತ್ತಿಯ ಪ್ರೂಫ್ ನೋಡಿ, ಅಕ್ಷರ ಜೋಡಣೆ ಇಷ್ಟು ಕೆಟ್ಟದಾಗಿದೆಯಲ್ಲ ಅಂತ ನೊಂದು, ಬರೆಯುವುದನ್ನು ಬದಿಗಿಟ್ಟು ಜೋಡಿಸುವ ಪ್ರೋಗ್ರಾಂ ಬರೆಯಲು ಕೂತರು. ಒಂದು ವರ್ಷದಲ್ಲಿ ಆಗುತ್ತದೆ ಅಂದುಕೊಂಡದ್ದು ಹತ್ತು ವರ್ಷ ತಗೊಂಡಿತು. ಮಾಡು ಅಂತ ಯಾರೂ ಹೇಳಿರಲಿಲ್ಲ. ಇವತ್ತು ಜಗತ್ತಿನ ಗಣಿತದ ಬರಹವೆಲ್ಲ ಹೆಚ್ಚುಕಡಿಮೆ ಅದರಲ್ಲೇ ಅಚ್ಚಾಗುತ್ತದೆ.

ನನಗೆ ಕಲಿಯಲು ಮೂರು ತಿಂಗಳು ಬೇಕಾಯಿತು. ನಾನು ಓದಿದ್ದು ಪಿಯುಸಿ. ಓಣಿಯವರು ‘ಇದೇನು ಕಂಪ್ಯೂಟರ್‌ಗೆ ಪತ್ರ ಬರೆಯುತ್ತಾನೆ’ ಅಂದರು. ಈಗ ಅಡಿಟಿಪ್ಪಣಿ ತಾನೇ ಎಣಿಸಿಕೊಳ್ಳುತ್ತದೆ, ಪರಿವಿಡಿ ತಾನೇ ಬರುತ್ತದೆ. ಲೇಖಕರು ಕೊನೆ ಗಳಿಗೆಯಲ್ಲಿ ಒಂದು ಪ್ಯಾರಾ ತೆಗೆದರೂ ನನಗೆ ತಲೆನೋವಿಲ್ಲ. ಟೈಪ್ ಮಾಡುವುದು ಮಾತ್ರ ಮೊದಲಿನ ಹಾಗೇ, ಕೆ.ಪಿ. ರಾವ್ ಅವರ ಕೀಲಿಮಣೆ. ಇಪ್ಪತ್ತಾರು ಕೀಗಳಲ್ಲಿ ಇಡೀ ಕನ್ನಡ ಕೂರಿಸಿದ ಪುಣ್ಯಾತ್ಮರು. ಅದನ್ನು ಬಿಡಲು ನನಗೆ ಕಾರಣವೇ ಕಂಡಿಲ್ಲ.

ಲಘುಗುರು, ಪುತ್ತೂರು

ಅಚ್ಚುಮೊಳೆಯವರ ಬರಹ ಎರಡು ಸಲ ಓದಿದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಉಪಕರಣದ ಬಗ್ಗೆ ಎಲ್ಲರೂ ಹೇಳಿದ್ದೀರಿ, ನಾನು ಮಾಡುವ ಕೆಲಸವನ್ನೇ ಆರಿಸುವುದರ ಬಗ್ಗೆ ಹೇಳುತ್ತೇನೆ.

ಮಕ್ಕಳಿಗೆ ಛಂದಸ್ಸು ಅಂದರೆ ಹೆದರಿಕೆ. ಪ್ರಸ್ತಾರ ಹಾಕಿ ಅಂದರೆ ಅರ್ಧ ಕ್ಲಾಸು ತಲೆ ತಗ್ಗಿಸುತ್ತದೆ. ಅದಕ್ಕೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಪದ್ಯದ ಸಾಲು ಹಾಕಿದರೆ ಪ್ರತಿ ಅಕ್ಷರದ ಮೇಲೆ ಲಘು ಗುರು ಗುರುತು ಹಾಕಿ, ಮಾತ್ರೆ ಕೂಡಿಸಿ, ಗಣ ವಿಂಗಡಿಸಿ ತೋರಿಸುತ್ತದೆ. ಭಾಮಿನಿ ಷಟ್ಪದಿ ಆದರೆ ಮೂರು ನಾಲ್ಕು ಮೂರು ನಾಲ್ಕು, ಒಟ್ಟು 14 ಮಾತ್ರೆ. ಮೂರನೇ, ಆರನೇ ಸಾಲಿಗೆ ಕೊನೆಯ ಗುರು ಸೇರಿ 23.

ಸಾದಾ ಜಾವಾಸ್ಕ್ರಿಪ್ಟ್, ಒಂದೇ ಎಚ್‌ಟಿಎಂಎಲ್ ಫೈಲ್. ನಮ್ಮ ಲ್ಯಾಬಿನಲ್ಲಿ ನೆಟ್ ಇಲ್ಲ, ಕಂಪ್ಯೂಟರ್‌ಗಳಿಗೆ ವಯಸ್ಸಾಗಿದೆ. ಪೆನ್ ಡ್ರೈವಿನಿಂದ ಎರಡು ಸಲ ಕ್ಲಿಕ್ ಮಾಡಿದರೆ ತೆರೆಯಬೇಕು, ಅಷ್ಟೇ ನನ್ನ ಬೇಡಿಕೆ. ಅಣ್ಣನ ಮಗ ಐಟಿಯಲ್ಲಿದ್ದಾನೆ. ‘ಅತ್ತೆ, ಛಂದಸ್ಸು ಯಾರಿಗೆ ಬೇಕು, ಮಾಡೋದಾದ್ರೆ ಎಐ ಹಾಕಿ ಏನಾದ್ರೂ ಮಾಡಿ’ ಅಂದ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಮಾತ್ರೆ ಎಣಿಸಲು ಸ್ಪಷ್ಟ ನಿಯಮ ಇದೆ, ಇಲ್ಲಿ ಊಹೆಗೆ ಜಾಗವೇ ಇಲ್ಲ. ದೀರ್ಘ, ಅನುಸ್ವಾರ, ವಿಸರ್ಗ, ಒತ್ತಕ್ಷರದ ಹಿಂದಿನ ಅಕ್ಷರ, ಇವೆಲ್ಲ ಗುರು. ನಿಯಮ ಬರೆದರೆ ಮುಗಿಯಿತು ಅಂದುಕೊಂಡೆ.

ಹಾಗೆ ಮುಗಿಯಲಿಲ್ಲ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಕಂಪ್ಯೂಟರ್‌ಗೆ ಆರು ತುಂಡು. ಮೊದಲು ತುಂಡುಗಳನ್ನು ಅಕ್ಷರವಾಗಿ ಕೂಡಿಸುವುದನ್ನು ಕಲಿತೆ. ಆಮೇಲೆ ಹಳಗನ್ನಡದ ಸಾಲು ಹಾಕಿದಾಗ ಲೆಕ್ಕ ತಪ್ಪಿತು. ಶಿಥಿಲದ್ವಿತ್ವ! ಅಲ್ಲಿ ಒತ್ತಕ್ಷರ ಇದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ, ತೇಲಿಸಿ ಹೇಳಬೇಕು. ಇದನ್ನು ಬರಹ ನೋಡಿ ಖಚಿತವಾಗಿ ಹೇಳಲು ನನ್ನ ಪ್ರೋಗ್ರಾಮಿಗೆ ಆಗುವುದಿಲ್ಲ. ಅಂಥ ಅಕ್ಷರದ ಮೇಲೆ ಕ್ಲಿಕ್ ಮಾಡಿದರೆ ಗುರು ಲಘುವಾಗುವ ಹಾಗೆ ಮಾಡಿದೆ. ಅಲ್ಲಿ ಮಕ್ಕಳು ಜೋರಾಗಿ ಓದಿ, ಕಿವಿಯಿಂದ ಕೇಳಿ ತೀರ್ಮಾನಿಸುತ್ತಾರೆ. ಇಡೀ ಪ್ರೋಗ್ರಾಮಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು.

ಬಳಸುವವರು ನನ್ನ ಶಾಲೆಯ ಮಕ್ಕಳು ಮತ್ತು ಬೇರೆ ಶಾಲೆಯ ನಾಲ್ಕು ಟೀಚರ್‌ಗಳು. ನನಗೆ ಸಾಕು.

ಚಾಮುಂಡಿ ತಪ್ಪಲು, ಮೈಸೂರು

ಟೀಚರ್, ಆ ಫೈಲ್ ನನಗೂ ಕಳಿಸ್ತೀರಾ? ಮಗಳು ಒಂಬತ್ತನೇ ಕ್ಲಾಸು.

ಒಂದೇ ಫೈಲ್ ಅಂದಿರಲ್ಲ, ಇನ್ನೊಂದು ವಿಷಯ ಜ್ಞಾಪಕ ಬಂತು. ತುಂಗಾತೀರ ಅವರು ಬಳಸಿದ ಎಸ್‌ಕ್ಯೂಲೈಟ್ ಕಟ್ಟಿದ ರಿಚರ್ಡ್ ಹಿಪ್ ಅವರದೂ ಇದೇ ಸ್ವಭಾವ. 2000ದಲ್ಲಿ ಶುರು ಮಾಡಿದರು. ಅಮೆರಿಕದ ಯುದ್ಧನೌಕೆಯ ಒಂದು ಕೆಲಸದಲ್ಲಿ ಡೇಟಾಬೇಸ್ ಸರ್ವರ್ ಸಿಗದೆ ಪ್ರೋಗ್ರಾಂ ನಿಂತುಹೋಗುತ್ತಿತ್ತು. ಸರ್ವರೇ ಇಲ್ಲದ ಡೇಟಾಬೇಸ್ ಯಾಕಿರಬಾರದು ಅಂತ ಹೊರಟರು. ಇವತ್ತು ನಮ್ಮೆಲ್ಲರ ಫೋನಿನಲ್ಲಿ ಅದಿದೆ. ಜಗತ್ತೆಲ್ಲ ಗಿಟ್ ಬಳಸುತ್ತಿದ್ದರೂ ಅವರ ತಂಡ ತಾವೇ ಬರೆದ ಫಾಸಿಲ್‌ನಲ್ಲಿ ಕೋಡ್ ಇಡುತ್ತದೆ. 2050ರವರೆಗೆ ನೋಡಿಕೊಳ್ಳುವ ಉದ್ದೇಶ ಇದೆ ಅಂತ ಬರೆದುಕೊಂಡಿದ್ದಾರೆ. ಮಂಡಿಗೆ ಬೇಕಾದ್ದು ಅಂಥ ಮಾತೇ.

ದೋಆಬ್ ಹುಡುಗ, ರಾಯಚೂರು (ಈಗ ಬೆಂಗಳೂರು)

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಚಾಮುಂಡಿ ತಪ್ಪಲು ಮೇಡಂ ಹೇಳಿದ್ದನ್ನು ಮಾಡಿದೆ. ಅಪ್ಪ ಹತ್ತಿ ಮಾರಿದ ದಿನಗಳ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುತ್ತಾರೆ. ತೂಕ, ದರ, ತೇವ ಅಂತ ಕಡಿದದ್ದು, ಲಾರಿ ಬಾಡಿಗೆ. ಆರು ವರ್ಷದ್ದು ಫೋಟೋ ತೆಗೆದು ಕಳಿಸಿ ಅಂದೆ. ಅವ್ವ ತೆಗೆದು ಕಳಿಸಿದಳು. 412 ಸಾಲು ಟೈಪ್ ಮಾಡಿ ಎಸ್‌ಕ್ಯೂಲೈಟ್‌ಗೆ ಹಾಕಿದೆ. ಡಿಸೆಂಬರ್‌ನಲ್ಲಿ ಮಾರಿದಾಗ ತೇವದ ಕಡಿತ ಎಷ್ಟು, ಫೆಬ್ರವರಿಯಲ್ಲಿ ಎಷ್ಟು ಅಂತ ಮೊದಲ ಸಲ ಕೂಡಿ ನೋಡಿದೆವು. ಅಪ್ಪ ಫೋನಿನಲ್ಲಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಲಾರಿ ಬಾಡಿಗೆದೂ ಹಿಂಗ ತೆಗಿ’ ಅಂದರು.

ರಿಯಾಕ್ಟ್ ಕಲಿಯುವುದನ್ನೂ ಬಿಟ್ಟಿಲ್ಲ. ಮೊನ್ನೆ ಒಂದು ಇಂಟರ್‌ವ್ಯೂನಲ್ಲಿ ಹತ್ತಿ ಲೆಕ್ಕ ತೋರಿಸಿದೆ, ಅರ್ಧ ಗಂಟೆ ಅದರ ಮೇಲೇ ಮಾತಾಯಿತು. ಫಲಿತಾಂಶ ಇನ್ನೂ ಬಂದಿಲ್ಲ.

ಅಚ್ಚುಮೊಳೆ, ಗದಗ

ತುಂಗಾತೀರ ಅವರೇ, ಒಂದು ಮಾತು ಕೇಳಬೇಕು ಅಂತ ಅವತ್ತಿಂದ ಇದ್ದೆ. ಪ್ರಿಂಟರ್‌ಗೆ ನೇರ ಅಕ್ಷರ ಕಳಿಸಿದೆ ಅಂದಿರಿ. ಅಂದರೆ ಇಂಗ್ಲಿಷ್ ಅಕ್ಷರ ತಾನೇ? ರೈತರ ಕೈಗೆ ಹೋಗುವ ಪಟ್ಟಿಯಲ್ಲಿ ಅವರ ಹೆಸರು ಕನ್ನಡದಲ್ಲಿ ಇಲ್ಲವಾ?

ತುಂಗಾತೀರ, ಶಿವಮೊಗ್ಗ

ಇಲ್ಲ ಸರ್. ತಲೆಬರಹ, ಕಾಲಂ ಹೆಸರುಗಳನ್ನು ಮೊದಲೇ ಕನ್ನಡದಲ್ಲಿ ಅಚ್ಚು ಹಾಕಿಸಿದ ಕಾಗದ ಬಳಸುತ್ತೇವೆ. ರೈತರ ಹೆಸರು, ಊರು ಇಂಗ್ಲಿಷ್‌ನಲ್ಲೇ ಬೀಳುತ್ತದೆ. ಪ್ರಿಂಟರ್ ಒಳಗೆ ಕನ್ನಡ ಅಕ್ಷರ ಇಲ್ಲ. ಲೇಸರ್ ಹಾಕಿದರೆ ಕಾರ್ಬನ್ ಮೇಲೆ ಮೂಡುವುದಿಲ್ಲ, ಮೂರು ಪ್ರತಿ ಬೇರೆ ಬೇರೆ ತೆಗೆಯಬೇಕು. ಇದು ಸರಿಯಾಗಿಲ್ಲ ಅಂತ ನನಗೆ ಗೊತ್ತು. ಅಜ್ಜಿಯೊಬ್ಬರು ಪಟ್ಟಿ ತಿರುಗಿಸಿ ನೋಡಿ ‘ಇದು ನಂದೇ ಹೌದಾ ತಮ್ಮಾ?’ ಅಂತ ಕೇಳಿದ್ದರು.

ಅಚ್ಚುಮೊಳೆ, ಗದಗ

ಹಾಗಾದರೆ ಹೆಸರು, ಊರು ಇರುವ ಎರಡು ಸಾಲನ್ನು ಮಾತ್ರ ಚಿತ್ರವಾಗಿ ಕಳಿಸಿ. ಉಳಿದದ್ದೆಲ್ಲ ಅಕ್ಷರವೇ ಇರಲಿ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಒಂದೇ ಪುಟದಲ್ಲಿ ಎರಡನ್ನೂ ಬೆರೆಸಬಹುದು, ಹಿಂದೆ ಲೇಬಲ್ ಕೆಲಸದಲ್ಲಿ ನೋಡಿದ್ದೇನೆ. ಫಾಂಟ್ ಮಾತ್ರ ತೆಳ್ಳಗಿರಬಾರದು. ಗೆರೆಗಳ ದಪ್ಪ ಒಂದೇ ಸಮ ಇರುವುದನ್ನು ತಗೊಳ್ಳಿ, ತೆಳು ಗೆರೆ ಚುಕ್ಕಿಯಲ್ಲಿ ಕಳೆದುಹೋಗುತ್ತದೆ.

ತುಂಗಾತೀರ, ಶಿವಮೊಗ್ಗ

ಸರ್, ಮೂರು ರಾತ್ರಿ ಕೂತೆ. ನಮ್ಮದು ಒಂಬತ್ತು ಪಿನ್ನಿನ ಪ್ರಿಂಟರ್. ಚಿತ್ರ ಕಳಿಸುವಾಗ ಒಂದು ಓಟಕ್ಕೆ ಎಂಟು ಚುಕ್ಕಿ ಎತ್ತರ ಮಾತ್ರ ಬರುತ್ತದೆ. ಅಕ್ಷರ ಜೋಡಿಸುವ ಪ್ಯಾಂಗೊ ಎಂಬ ಪ್ರೋಗ್ರಾಮಿನಿಂದ ಕನ್ನಡ ಸಾಲನ್ನು ಚಿತ್ರ ಮಾಡಿಸಿ, ಅಡ್ಡಡ್ಡ ಪಟ್ಟೆಗಳಾಗಿ ಕತ್ತರಿಸಿ, ಸಾಲಿನ ಅಂತರ ಕಡಿಮೆ ಮಾಡಿ ಒಂದರ ಕೆಳಗೊಂದು ಕಳಿಸಿದೆ. ಪರೀಕ್ಷೆಗೆ ‘ತೀರ್ಥಹಳ್ಳಿ’ ಅಂತ ಹಾಕಿದೆ. ಅರ್ಕಾವತ್ತೂ ಇದೆ, ಒತ್ತೂ ಇದೆ, ಇದು ಬಂದರೆ ಎಲ್ಲವೂ ಬರುತ್ತದೆ ಅಂತ.

ಎರಡು ಓಟದಲ್ಲಿ ಕಳಿಸಿದಾಗ ಳ ಒತ್ತಿನ ಬುಡ ಕತ್ತರಿಸಿಹೋಯಿತು. ಮೂರು ಓಟ ಮಾಡಿದೆ, 24 ಚುಕ್ಕಿ ಎತ್ತರ. ಪೂರ್ತಿ ಬಂತು. ಕಾರ್ಬನ್‌ನ ಮೂರನೇ ಪ್ರತಿಯಲ್ಲೂ ಓದಬಹುದು. ಹೆಸರು, ಊರು ಸೇರಿ ನಾಲ್ಕು ಸೆಕೆಂಡು ಜಾಸ್ತಿ ಆಗುತ್ತದೆ. ರೈಟರನ್ನು ಕೇಳಿದೆ, ನಾಲ್ಕು ಸೆಕೆಂಡು ಕಾಯ್ತೀರಾ ಅಂತ. ಅವರು ಆ ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ, ‘ನನ್ನ ಹೆಸರು ಒಂದ್ಸಲ ಹೊಡೀರಿ ನೋಡಾಣ’ ಅಂದರು.